ಸರಿಯುತ್ತರವನ್ನು ನಂಬದ ಪೆಟ್ಟಿಗೆ ಅಜ್ಜಿ

"ಅಮ್ಮಾ, ಅಜ್ಜಿ ಕೈಯಲ್ಲಿ ಏನೂ ಇಲ್ವಲ್ಲ, ಮತ್ತೆ ಯಾಕೆ ಪೆಟ್ಟಿಗೆ ಹೊತ್ಕೊಂಡೋರ ಥರ ನಡೀತಾರೆ?"

ಮಗಳು ಹೀಗೆ ಕೇಳಿದ್ದು ಕಿಟಕಿಯ ಬಳಿ ನಿಂತು. ಕೆಳಗಿನ ಬೀದಿಯಲ್ಲಿ ನನ್ನ ಸೋದರತ್ತೆ ಬರುತ್ತಿದ್ದರು: ಮೊಣಕೈಗಳನ್ನು ಪಕ್ಕೆಗೆ ಒತ್ತಿ, ಅಂಗೈಗಳನ್ನು ಮೇಲ್ಮುಖವಾಗಿ ಚಾಚಿ, ಬೆನ್ನನ್ನು ಕೊಂಚ ಹಿಂದಕ್ಕೆ ವಾಲಿಸಿ. ಎದುರಿಗೆ ಸೈಕಲ್ ಬಂದರೆ ಎದೆಯ ಮುಂದಿನ ಬರಿಯ ಗಾಳಿಯನ್ನು ಮೊದಲು ಪಾರುಮಾಡಿ ಆಮೇಲೆ ತಾವು ಸರಿಯುತ್ತಾರೆ; ಬಾಗಿಲನ್ನು ಭುಜದಿಂದಲೇ ತಳ್ಳುತ್ತಾರೆ. ನನ್ನ ಮಗಳು ಅವರಿಗೆ ಪೆಟ್ಟಿಗೆ ಅಜ್ಜಿ ಎಂದು ಹೆಸರಿಟ್ಟಳು, ಅತ್ತೆ ಆ ಹೆಸರನ್ನು ಬಿರುದಿನಂತೆ ಸ್ವೀಕರಿಸಿದರು.

ಪೆಟ್ಟಿಗೆ ನಿಜವಾಗಿಯೂ ಇತ್ತು. ಅತ್ತೆ ರಸಾಯನ ವಿಜ್ಞಾನದವರು, ಆದರೆ ಜೀವಮಾನದಲ್ಲಿ ಸೀಸೆ ಮುಟ್ಟಿದವರಲ್ಲ. ಅಣುಗಳ ಸ್ವಭಾವವನ್ನು ಬರಿಯ ಲೆಕ್ಕದಿಂದ ತಿಳಿಯುವುದು ಅವರ ವೃತ್ತಿ. ಅವರ ಯೌವನದಲ್ಲಿ ಕಂಪ್ಯೂಟರ್ ಎಂದರೆ ಒಂದು ಇಡೀ ಕೋಣೆ. ಅದಕ್ಕೆ ಹೇಳಬೇಕಾದ ಪ್ರತಿಯೊಂದು ಮಾತನ್ನೂ ದಪ್ಪ ಕಾಗದದ ಕಾರ್ಡಿನಲ್ಲಿ ತೂತುಗಳಾಗಿ ಕೊರೆಯಬೇಕು. ಒಂದು ಅಣುವೆಂದರೆ ಒಂದು ಪೆಟ್ಟಿಗೆ ಕಾರ್ಡು. ಆ ಪೆಟ್ಟಿಗೆಯನ್ನು ವಿಭಾಗದಿಂದ ಅಂಗಳ ದಾಟಿಸಿ ಯಂತ್ರದ ಕಟ್ಟಡಕ್ಕೆ ಮುಟ್ಟಿಸುವುದು ಅತ್ತೆಯ ಪಾಲಿನ ಕೆಲಸ. ಎಡವಿದರೆ ಕಾರ್ಡುಗಳ ಕ್ರಮವೆಲ್ಲ ಚೆಲ್ಲಾಪಿಲ್ಲಿ, ವಾರಗಟ್ಟಲೆಯ ದುಡಿಮೆ ಮಣ್ಣುಪಾಲು. ಕಾರ್ಡುಗಳ ಕಾಲ ಮುಗಿದುಹೋದ ಸುದ್ದಿ ಅವರ ತೋಳುಗಳಿಗೆ ಮಾತ್ರ ಇನ್ನೂ ಮುಟ್ಟಿಲ್ಲ.

ಆ ಯಂತ್ರದ ಕೋಣೆಯ ಚಳಿಯೂ ಹಾಗೆಯೇ ಮೈಯಲ್ಲಿ ಉಳಿದುಬಿಟ್ಟಿದೆ. ಬಿರುಬೇಸಿಗೆಯಲ್ಲೂ ಕಂದು ಕೋಟು ಬಿಚ್ಚುವವರಲ್ಲ. ಅದರ ಜೇಬುಗಳ ತುಂಬ ರಬ್ಬರ್ ಬ್ಯಾಂಡು. ಯಾವ ಕಾಗದದ ಕಟ್ಟು ಕಂಡರೂ ಅದರ ಅಂಚಿನ ಮೇಲೆ ಪೆನ್ಸಿಲಿನಿಂದ ಓರೆಯಾಗಿ ಒಂದು ಗೆರೆ ಎಳೆದುಬಿಡುತ್ತಾರೆ, ಕಟ್ಟು ಕೆಳಗೆ ಬಿದ್ದರೂ ಗೆರೆ ಕೂಡಿಸಿ ಮತ್ತೆ ಕ್ರಮಕ್ಕೆ ತರಬಹುದೆಂದು. ನನ್ನ ಮಗಳ ಲಸಿಕೆಯ ಚೀಟಿಗಳಿಗೂ ಆ ಗೆರೆ ಬಿದ್ದಿದೆ. ಮೊದಲು ರೇಗಿದ್ದೆ, ಒಂದು ದಿನ ಆಸ್ಪತ್ರೆಯ ಮೆಟ್ಟಿಲಿನ ಮೇಲೆ ಅವೆಲ್ಲ ಜಾರಿ ಹರಡಿದ ಮೇಲೆ ಬಾಯಿ ಮುಚ್ಚಿಕೊಂಡೆ.

ಪ್ರಯೋಗಶಾಲೆಯವರನ್ನು ಅತ್ತೆ ಕರೆಯುವುದು ಸೀಸೆಯವರು ಎಂದು. ಸೀಸೆಯವರಿಗೆ ಲೆಕ್ಕದವರನ್ನು ಕಂಡರೆ ಸದಾ ತಮಾಷೆ. "ಏನಮ್ಮಾ, ನಿಮ್ಮ ಅಣುನ ನೀವೇ ಒಂದ್ಸಲ ಆದ್ರೂ ಕಂಡಿದೀರಾ?" ಎಂದು ಕೆಣಕುತ್ತಿದ್ದರಂತೆ. ಒಮ್ಮೆ ಯಾರೋ ಕೈತಪ್ಪಿ ಎರಡು ಪರಮಾಣುಗಳನ್ನು ಒಂದೇ ಜಾಗದಲ್ಲಿ ಕೂರಿಸಿಬಿಟ್ಟರು. ಯಂತ್ರ ಲೆಕ್ಕ ಹಾಕಲಾರದೆ ಮೊರೆಮೊರೆದು ನಿಂತಿತು. ಯಂತ್ರ ನೋಡಿಕೊಳ್ಳುತ್ತಿದ್ದವನು ಪೆಟ್ಟಿಗೆ ವಾಪಸು ತಂದುಕೊಟ್ಟು, "ಮೊದಲು ಇಬ್ಬರಿಗೂ ಬೇರೆಬೇರೆ ಕುರ್ಚಿ ಕೊಡಿ, ಆಮೇಲೆ ನನ್ನ ಹತ್ರ ಬನ್ನಿ" ಎಂದನಂತೆ.

ಆದರೆ ಈ ನಗೆಚಾಟಿಕೆಯ ಅತ್ತೆಯಲ್ಲಿ ಒಂದು ಕಠಿಣವಾದ ಹಟವಿದೆ: ಸರಿಯುತ್ತರವನ್ನು ಅವರು ಸುಲಭವಾಗಿ ಒಪ್ಪುವುದಿಲ್ಲ. ಮಗಳು ಗಣಿತದ ಪುಸ್ತಕ ತಂದು ಉಬ್ಬಿ ನಿಂತರೆ, "ಸರಿಯಾಗಿದೆ ಕಣೇ, ಹೇಗೆ ಸರಿಯಾಯ್ತು ಅದನ್ನ ಹೇಳು" ಎನ್ನುತ್ತಾರೆ. ಎಂದೂ ಉಬ್ಬದ ನನ್ನ ಬ್ರೆಡ್ ಒಂದು ದಿನ ಹತ್ತಿಯಂತೆ ಉಬ್ಬಿತು, ಅತ್ತೆ ಎರಡು ತುಂಡು ತಿಂದು, ಬೆರಳು ಒರೆಸಿಕೊಂಡು, "ಈ ಸಲ ಏನು ತಪ್ಪು ಮಾಡಿದೆ?" ಎಂದು ವಿಚಾರಣೆಗೆ ಕೂತರು. ನನ್ನ ಗಂಡ ಅಡುಗೆಮನೆಯಿಂದ ಹೊರಗೆ ಓಡಿಹೋಗಿ ನಕ್ಕ.

ಈ ಹಟಕ್ಕೊಬ್ಬ ಗುರುವಿದ್ದರು. ಅತ್ತೆಗೆ ಅವರು ಬರೀ ಮೇಷ್ಟ್ರು. ಒಂದು ಅಣುವಿನ ಎರಡು ತುದಿಗಳನ್ನು ತಿರುಚಲು ಎಷ್ಟು ಶಕ್ತಿ ಬೇಕೆಂದು ಮೇಷ್ಟ್ರು ಲೆಕ್ಕ ಹಾಕಿಸಿದರು. ಸೀಸೆಯವರು ಆಗಲೇ ಅಳೆದಿಟ್ಟಿದ್ದ ಅಂಕಿಯೇ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ, ಯಂತ್ರದಿಂದ ಹೊರಬಂತು. ಕೆಣಕುತ್ತಿದ್ದವರೇ ಬಂದು ಕೈಕುಲುಕಿದರು. ಪ್ರಬಂಧ ಅಚ್ಚಿಗೆ ಹೋಯಿತು. ಮುಂದಿನ ಮುಖ್ಯಸ್ಥರು ಇವರೇ ಎಂಬ ಗುಸುಗುಸು ಕಾರಿಡಾರಿನಲ್ಲಿ ಹಬ್ಬಿತು. ಆಮೇಲೊಂದು ದಿನ ಕಾರ್ಡುಗಳನ್ನು ಜೋಡಿಸಿಡುತ್ತಿದ್ದ ಅತ್ತೆಯ ಕಣ್ಣಿಗೆ ತಪ್ಪು ಕೊರೆದಿದ್ದ ಒಂದು ಕಾರ್ಡು ಬಿತ್ತು: ಪರಮಾಣುಗಳ ನಡುವಿನ ದೂರವೇ ತಪ್ಪು! ತಿದ್ದಿ ಮತ್ತೆ ಯಂತ್ರಕ್ಕೆ ಕೊಟ್ಟರು. ಉತ್ತರ ಎಲ್ಲಿಂದೆಲ್ಲಿಗೋ ಹಾರಿಹೋಯಿತು. ಅದನ್ನು ಮೇಷ್ಟ್ರ ಮೇಜಿನ ಮೇಲಿಟ್ಟರು. ಮೇಷ್ಟ್ರು ಕಾಗದವನ್ನೊಮ್ಮೆ, ಅತ್ತೆಯ ಬಿಳಿಚಿದ ಮುಖವನ್ನೊಮ್ಮೆ ನೋಡಿ ಹೇಳಿದರು:

"ಹಾಗಾದ್ರೆ ಆ ತಪ್ಪನ್ನ ವಾಪಸ್ ಹಾಕಮ್ಮಾ!"

ವಿಭಾಗದ ಹಳಬರು ವರ್ಷಕ್ಕೊಮ್ಮೆ ಸೇರುವಾಗಲೆಲ್ಲ ಯಾರಾದರೊಬ್ಬರು ಈ ಕತೆ ಹೇಳುತ್ತಾರೆ. ಇಲ್ಲಿಗೆ ಬಂದಾಗ ಸಭೆ ಹೊಟ್ಟೆ ಹಿಡಿದುಕೊಂಡು ನಗುತ್ತದೆ. ನಗು ಬಿದ್ದ ಜಾಗವೇ ಕತೆಯ ಕೊನೆಯೆಂದು ಹೇಳಿದವರು ಕೂತುಬಿಡುತ್ತಾರೆ. ಬಾಯಿಂದ ಬಾಯಿಗೆ ದಾಟುತ್ತ ಮೇಷ್ಟ್ರು ನಿಜಕ್ಕೂ ತಪ್ಪನ್ನು ವಾಪಸ್ ಹಾಕಿಸಿದ ಮನುಷ್ಯರಾಗಿದ್ದಾರೆ. ಒಂದು ವರ್ಷ ಮೇಷ್ಟ್ರ ಮಗಳು ಆ ನಗುವಿನ ನಡುವೆಯೇ ಎದ್ದು ಹೊರಟಳು, ಮತ್ತೆ ಸಭೆಯ ಕಡೆ ತಲೆ ಹಾಕಲಿಲ್ಲ.

ನಡೆದದ್ದಕ್ಕೆ ಉತ್ತರಾರ್ಧವೊಂದಿದೆ. ಆ ಮಾತು ಹೇಳಿ ಮೊದಲು ನಕ್ಕವರು ಮೇಷ್ಟ್ರೇ, ಅತ್ತೆಯ ಹೆದರಿಕೆ ಕಳೆಯಲೆಂದು. ನಕ್ಕು ಮುಗಿದ ಮೇಲೆ ಕೋಟು ಬಿಚ್ಚಿ ನೆಲದ ಮೇಲೆ ಕೂತರು. ಇಬ್ಬರೂ ಇಡೀ ಪೆಟ್ಟಿಗೆಯನ್ನು ಹರಡಿ ಹುಡುಕಿದರು. ತೇವಕ್ಕೆ ಉಬ್ಬಿ ಪಕ್ಕದ ಕಾರ್ಡಿಗೆ ಅಂಟಿಕೊಂಡಿದ್ದ ಇನ್ನೊಂದು ಕಾರ್ಡು ಸಿಕ್ಕಿತು. ಯಂತ್ರ ಅದನ್ನು ಓದಿಯೇ ಇರಲಿಲ್ಲ. ಎರಡು ತಪ್ಪುಗಳು ಇಬ್ಬರು ಕುಡುಕರಂತೆ ಒಂದರ ಭುಜಕ್ಕೊಂದು ಒರಗಿ ನೆಟ್ಟಗೆ ನಿಂತಿದ್ದವು. ಎರಡನ್ನೂ ತಿದ್ದಿದಾಗ ಬಂದ ಉತ್ತರ ಪ್ರಾಮಾಣಿಕವಾಗಿತ್ತು, ಸುಂದರವಾಗಿರಲಿಲ್ಲ. ಸುಮ್ಮನಿದ್ದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಮೇಷ್ಟ್ರು ಪ್ರಬಂಧವನ್ನು ವಾಪಸು ತರಿಸಿದರು, ಸೀಸೆಯವರ ಕೋಣೆಗೆ ತಾವೇ ಹೋಗಿ ವಿಷಯ ತಿಳಿಸಿದರು. ಮುಖ್ಯಸ್ಥನ ಕುರ್ಚಿ ಬೇರೆಯವರಿಗೆ ಹೋಯಿತು. ಪ್ರತಿ ವರ್ಷ ಹೊಸ ವಿದ್ಯಾರ್ಥಿಗಳಿಗೆ ಈ ಕತೆಯನ್ನು ಪೂರ್ತಿಯಾಗಿ ಹೇಳಿ ನಗಿಸುತ್ತಿದ್ದವರೂ ಅವರೇ.

ಇಂಥವರದೊಂದು ವಿರಳ ಪಂಗಡವಿದೆ ಎಂದು ಅತ್ತೆಯನ್ನು ನೋಡುತ್ತ ನನಗನ್ನಿಸುತ್ತದೆ. ತಪ್ಪನ್ನು ಅವರು ಉದಾರವಾಗಿ ಕ್ಷಮಿಸಬಲ್ಲರು, ತಮ್ಮದಾದರೆ ಹೇಳಿಕೊಂಡು ನಗಬಲ್ಲರು. ಅದೃಷ್ಟದಿಂದ ಒದಗಿಬಂದ ಸರಿಯನ್ನು ಮಾತ್ರ ಇಟ್ಟುಕೊಳ್ಳಲಾರರು. ಅವರ ಜೊತೆ ಬಾಳುವುದು ಸ್ವಲ್ಪ ಕಷ್ಟ, ಬ್ರೆಡ್ ಬೇಯಿಸುವುದು ಇನ್ನೂ ಕಷ್ಟ. ಆದರೆ ಒಂದು ಮಗುವನ್ನು ಯಾರ ಮಡಿಲಲ್ಲಿ ನಿಶ್ಚಿಂತೆಯಿಂದ ಬಿಟ್ಟುಹೋಗಬಹುದು ಎಂದು ಕೇಳಿದರೆ, ಇವರ ಮಡಿಲಲ್ಲಿ ಎನ್ನುತ್ತೇನೆ.

ಈ ವರ್ಷ ವಿಭಾಗದ ಕಂಪ್ಯೂಟರ್ ಕೋಣೆಗೆ ಮೇಷ್ಟ್ರ ಹೆಸರಿಡುತ್ತಾರೆ. ಬಹಳ ಒತ್ತಾಯದ ಮೇಲೆ ಅವರ ಮಗಳು ಬರಲು ಒಪ್ಪಿದ್ದಾಳೆ. ಕತೆ ಹೇಳಬೇಕಾಗಿದ್ದವರು ಅತ್ತೆ. ಆದರೆ ಅವರ ಗಂಟಲಲ್ಲಿ ಒಂದು ಗಂಟು ಕಾಣಿಸಿಕೊಂಡಿದೆ. ನಾಳೆ ಶಸ್ತ್ರಚಿಕಿತ್ಸೆ, ಆಮೇಲೆ ಸಭೆ ಮುಗಿದುಹೋಗುವವರೆಗೂ ತುಟಿ ಬಿಚ್ಚಕೂಡದೆಂದು ವೈದ್ಯರ ಅಪ್ಪಣೆ. ಇವತ್ತು ಮಧ್ಯಾಹ್ನ ನನ್ನ ಮಗಳು ಮಲಗಿದ್ದಾಗ ಅತ್ತೆ ಬಂದು, ಬಟ್ಟೆ ಮಡಚುತ್ತಿದ್ದ ನನ್ನ ಎದುರು ಕೂತರು.

"ನನ್ನ ಬದಲು ನೀನು ಹೋಗಿ ಹೇಳು" ಎಂದರು, ಉಸಿರಿನಷ್ಟೇ ದನಿಯಲ್ಲಿ.

"ಅಯ್ಯೋ ಅತ್ತೆ, ನಂಗೆ ಕೆಮಿಸ್ಟ್ರಿ ಎಲ್ಲಿ ಬರತ್ತೆ?"

"ಬರೋರೇ ಕಣೇ ಇಷ್ಟು ವರ್ಷ ಆ ಕತೇನ ಹಾಳುಮಾಡಿದ್ದು." ಸ್ವಲ್ಪ ಸುಧಾರಿಸಿಕೊಂಡು ನನ್ನ ಕೈಯಲ್ಲಿದ್ದ ಬಟ್ಟೆ ತೆಗೆದು ಪಕ್ಕಕ್ಕಿಟ್ಟರು. "ವಾಪಸ್ ಹಾಕಮ್ಮಾ ಅಂದ ಕೂಡ್ಲೇ ನಗ್ತಾರೆ. ನಗ್ಲಿ, ಮೇಷ್ಟ್ರಿಗೂ ಅದೇ ಬೇಕಿತ್ತು. ಚಪ್ಪಾಳೆ ತಟ್ತಾರೆ, ಯಾರೋ ಮೈಕು ಇಸ್ಕೊಳ್ಳೋಕೆ ಕೈ ಚಾಚ್ತಾರೆ. ಕೊಡಬೇಡ. ನಗು ಪೂರ್ತಿ ಇಳಿಯೋ ತನಕ ನಿಂತಿರು. ಆಮೇಲೆ ಮುಂದಿನದು ಹೇಳು, ಮೇಷ್ಟ್ರ ಹುಡುಗಿ ಮುಖ ನೋಡ್ಕೊಂಡು ಹೇಳು."