ಸದ್ದಿಲ್ಲದ ಸಭೆಯಲ್ಲಿ ಸ್ಯಾಕ್ಸೊಫೋನು

ಮದುವೆ ಹಾಲಿನಲ್ಲಿ ವಾಲಗದವರ ಹತ್ತಿರ ಯಾರಾದರೂ ಬಂದರೆ, ಅದು "ಸ್ವಲ್ಪ ಸಣ್ಣಕ್ಕೆ ಊದಿ ಮಾರಾಯ್ರೆ, ಮಾತು ಕೇಳುದಿಲ್ಲ" ಎಂದು ಹೇಳುವುದಕ್ಕೆ. ನನ್ನ ಗಂಡ ಪೂವಪ್ಪ ಥಾಣೆಯ ಸುತ್ತಮುತ್ತ, ಅಂಬರನಾಥದಿಂದ ನೆರುಳಿನವರೆಗೆ, ಇಲ್ಲಿಗೆ ಬಂದು ನೆಲೆಸಿದ ನಮ್ಮೂರಿನವರ ಮದುವೆಗಳಲ್ಲಿ ಸ್ಯಾಕ್ಸೊಫೋನು ನುಡಿಸುತ್ತಲೇ ತಲೆ ಬೆಳ್ಳಗೆ ಮಾಡಿಕೊಂಡವರು. ತಾಳಿ ಕಟ್ಟುವಾಗ ಗಟ್ಟಿಮೇಳಕ್ಕೆ ಇವರು ಬೇಕು. ಉಳಿದ ಹೊತ್ತು ಇವರೂ ಒಂದೇ, ಮೇಲೆ ತಿರುಗುವ ಫ್ಯಾನೂ ಒಂದೇ. ಕೋಣನ ಮುಂದೆ ಕಿನ್ನರಿ ನುಡಿಸಿದಂತೆ ಅನ್ನುತ್ತಾರಲ್ಲ, ಕೋಣವಾದರೂ ಒಮ್ಮೆ ಕಿವಿ ಅಲ್ಲಾಡಿಸೀತು.

ನಾನೇನು ಬೇರೆಯವಳಲ್ಲ. ಮದುವೆಗೆ ಹೋದರೆ ನನ್ನ ಬಾಯಿಗೆ ಬಿಡುವಿಲ್ಲ. ಯಾರ ಸೊಸೆ, ಎಲ್ಲಿಯ ಫ್ಲ್ಯಾಟು, ಸಾರಿಗೆ ಉಪ್ಪು ಹಾಕಿದವನು ಯಾರು, ಎಲ್ಲವೂ ನನಗೆ ಬೇಕು. "ವಿಮಲಾ, ಒಂದು ಸಲವಾದ್ರೂ ನೀನು ಬಾಯಿ ಮುಚ್ಚಿ ಕೂತು ನನ್ನದು ಕೇಳ್ಬೇಕು ಮಾರಾಯ್ತಿ" ಎಂದು ಇವರು ಹೇಳುವುದಿತ್ತು. ಬೇಜಾರಿನಿಂದಲೇ ಹೇಳುತ್ತಿದ್ದರು. ನಾನು ನಕ್ಕು ಬಿಡುತ್ತಿದ್ದೆ.

ಯತಿನ್ ಎಂಬ ಹುಡುಗನ ಮದುವೆಗೆ ಕಲ್ಯಾಣದಲ್ಲಿ ಇವರೇ ನುಡಿಸಿದ್ದು. ಅವನು ಥಾಣೆಯಲ್ಲಿ, ಒಂದು ಬಟ್ಟೆ ಅಂಗಡಿಯ ಮಾಳಿಗೆಯ ಮೇಲೆ, ಸಣ್ಣ ಸಂಗೀತದ ಹಾಲು ನಡೆಸುತ್ತಾನೆ. ಈ ವರ್ಷ ಅಲ್ಲಿ ಮೂರು ದಿನದ ಜಾಜ್ ಉತ್ಸವ. ಕೊನೆಯ ದಿನ ಸಂಜೆಗೆ ಇವರನ್ನು ಕರೆಯಲು ನಮ್ಮ ಟಿಟ್ವಾಳಾದ ಮನೆಗೇ ಬಂದ. ಇಲ್ಲೇ ಹುಟ್ಟಿದವನು, ಕನ್ನಡ ತಿಳಿಯುತ್ತದೆ, ಬಾಯಿಗೆ ಬರುವುದು ಮಾತ್ರ ಹಿಂದಿ.

"ಜಾಜ್ ಅಂದ್ರೆ ಎಂತದ್ದು?" ಎಂದು ನಾನು ಕೇಳಿದೆ.

ಇವರೇ ಹೇಳಿದರು: "ಅವರದ್ದೂ ಸ್ಯಾಕ್ಸೊಫೋನೇ. ಒಬ್ಬ ಮುಂದೆ ಹೋಗುದು, ಉಳಿದವ್ರು ಹಿಂದಿಂದ ಹೋಗುದು."

"ಬಸ್, ಅಂಕಲ್, ಬಸ್," ಎಂದ ಯತಿನ್. "ಆಪ್ ಜೋ ಬಜಾತೇ ಹೋ, ವಹೀ ಬಜಾವೋ. ಲೋಗ್ ಸುನೇಂಗೇ."

ನುಡಿಸುವುದನ್ನೇ ನುಡಿಸಿದರೆ ಸಾಕು, ಲೋಗ್ ಸುನೇಂಗೇ, ಜನ ಕೇಳುತ್ತಾರೆ. ಆ ಒಂದು ಮಾತಿಗೆ ಇವರು ಮರುಳಾದರು. ಕಾರ್ಯಕ್ರಮದ ಅಚ್ಚಾದ ಹಾಳೆಯಲ್ಲಿ ತಮ್ಮ ಹೆಸರು ಇರುವ ಜಾಗವನ್ನು ಬಿಲ್ಡಿಂಗಿನವರಿಗೆಲ್ಲ ತೋರಿಸಿ ಬಂದರು. ಅಂಗಿಗೆ ತಾವೇ ಇಸ್ತ್ರಿ ಹಾಕಿಕೊಂಡರು. "ನೀನು ಎದುರಿನ ಸಾಲಲ್ಲೇ ಕೂರ್ಬೇಕು" ಎಂದು ನನಗೆ ಅಪ್ಪಣೆಯಾಯಿತು. ಇಷ್ಟು ವಯಸ್ಸಾದ ಮೇಲೆ ಮದುಮಗನ ಉತ್ಸಾಹ. ನೋಡಿ ನನಗೆ ನಗುವೂ ಬಂತು, ಕನಿಕರವೂ ಆಯಿತು.

ಆ ಹಾಲಿನಲ್ಲಿ ಹೆಚ್ಚೆಂದರೆ ಅರವತ್ತು ಕುರ್ಚಿ. ಮೊದಲಿಗೆ ಪುಣೆಯ ಒಂದು ತಂಡದವರು ನುಡಿಸಿದರು. ಅವರಲ್ಲೊಬ್ಬ ತನಗಿಂತ ಎತ್ತರದ ಪಿಟೀಲನ್ನು ನಿಲ್ಲಿಸಿಕೊಂಡು ಬೆರಳಿನಲ್ಲೇ ಮೀಟುತ್ತಿದ್ದ. ಚೆನ್ನಾಗಿತ್ತೋ ಇಲ್ಲವೋ ನನಗೆ ತಿಳಿಯದು. ನಾನು ನೋಡಿದ್ದು ಜನರನ್ನು. ಒಬ್ಬರೂ ಕೆಮ್ಮುವುದಿಲ್ಲ. ಯಾರೋ ಒಬ್ಬಳು ಬ್ಯಾಗಿನ ಜಿಪ್ ಎಳೆದದ್ದಕ್ಕೆ ನಾಲ್ಕು ಜನ ತಿರುಗಿ ಗುರಾಯಿಸಿದರು. ಸಾವಿನ ಮನೆಯಲ್ಲಿಯೂ ಇಷ್ಟು ಮೌನ ನಾನು ಕಂಡವಳಲ್ಲ.

ಇವರ ಸರದಿ ಬಂತು. ಬೆಳಕಿನ ನಡುವೆ ನಿಂತು ಮೋಹನ ರಾಗ ಎತ್ತಿದರು. ನಾಲ್ಕು ಸ್ವರ ಬಂತು, ನಿಂತಿತು. ವಾದ್ಯದ ಬಾಯಿಯ ರೀಡನ್ನು ತೆಗೆದು ನಾಲಿಗೆಯಲ್ಲಿ ಒದ್ದೆ ಮಾಡಿ ಮತ್ತೆ ಹಾಕಿದರು. ಪುನಃ ಎತ್ತಿದರು, ಪುನಃ ನಿಂತಿತು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ, ಇವರಿಗೆ ರೀಡು ಡೊಂಕು. ಹಿಂದೆ ಡ್ರಮ್ಮಿನವನು ಕೋಲು ಹಿಡಿದು ಕಾಯುತ್ತಿದ್ದ. ಇವರ ಮುಖದ ಮೇಲೆ ಬೆವರು. ಏಸಿಯ ಗುಂಯ್ ಶಬ್ದ ಬಿಟ್ಟರೆ ಬೇರೆ ಸದ್ದಿಲ್ಲ. ಜನ ತಾಳ್ಮೆಯಿಂದ, ಮರ್ಯಾದೆಯಿಂದ ಕಾಯುತ್ತಿದ್ದರು. ಆ ಮರ್ಯಾದೆಯೇ ಇವರನ್ನು ಕೊಲ್ಲುತ್ತಿದೆ ಎಂದು ನನಗೆ ಆಗ ಹೊಳೆಯಿತು.

ಮನೆಯಲ್ಲಿಯೂ ಇವರು ಅಭ್ಯಾಸಕ್ಕೆ ಕೂರುವುದು ನಾನು ಮಿಕ್ಸಿ ಹಾಕುವ ಹೊತ್ತಿಗೆ. ಕರೆಂಟು ಹೋಗಿ ಮಿಕ್ಸಿ, ಟಿವಿ ಎಲ್ಲ ನಿಂತಾಗ ವಾದ್ಯವನ್ನೂ ಕೆಳಗಿಡುತ್ತಾರೆ. ಸೆಖೆಗೆ ಎಂದುಕೊಂಡಿದ್ದೆ. ಜನ್ಮವಿಡೀ ಗಲಾಟೆಯ ಮೇಲೆ ಊದಿದವರಿಗೆ ಗಲಾಟೆಯೇ ಶ್ರುತಿಯಾಗಿಬಿಟ್ಟಿತ್ತು.

ನಾನು ಪಕ್ಕದ ಕುರ್ಚಿಯ ಹೆಂಗಸಿನ ಕಡೆ ತಿರುಗಿದೆ. ಖಾದಿ ಸೀರೆ, ಕತ್ತರಿಸಿದ ಕೂದಲು. ಕನ್ನಡ ಬರುತ್ತದೋ ಇಲ್ಲವೋ ನೋಡಲಿಲ್ಲ.

"ಮೊನ್ನೆ ಅಂಬರನಾಥದಲ್ಲಿ ಒಂದು ಮದ್ವೆ ಇತ್ತು," ಎಂದೆ, ಊಟದ ಪಂಕ್ತಿಯಲ್ಲಿ ಮಾತಾಡುವಷ್ಟು ಗಟ್ಟಿಯಾಗಿ. "ಸಾರಿಗೆ ಉಪ್ಪೇ ಇಲ್ಲ. ಹುಡುಗನ ಕಡೆಯವ್ರ ಮುಖ ನೋಡ್ಬೇಕಿತ್ತು ನೀವು."

ಅವಳು ನನ್ನನ್ನು ಹುಚ್ಚಿಯನ್ನು ನೋಡುವಂತೆ ನೋಡಿದಳು. ಹಿಂದಿನಿಂದ ಯಾರೋ ಶ್ ಎಂದರು.

"ಎಂತ ಶ್?" ಎಂದು ನಾನು ತಿರುಗಿಯೇ ಕೇಳಿದೆ. "ಹುಡುಗಿಗೆ ಹಾಕಿದ ಚಿನ್ನದ ಸರ ಎಷ್ಟು ಪವನಿಂದು ಗೊತ್ತುಂಟಾ ನಿಮಗೆ?"

ನನಗೆ ನಾಚಿಕೆಯಾಗಲಿಲ್ಲ ಎಂದರೆ ಸುಳ್ಳು. ಕಿವಿ ಬಿಸಿಯಾಗಿತ್ತು. ಆದರೂ ನಿಲ್ಲಿಸಲಿಲ್ಲ. ಸರದಿಂದ ಕ್ಯಾಟರಿಂಗಿನವನಿಗೆ, ಅಲ್ಲಿಂದ ಭಟ್ಟರ ದಕ್ಷಿಣೆಗೆ ಹೋದೆ. ಭಟ್ಟರ ದಕ್ಷಿಣೆಯ ಹೊತ್ತಿಗೆ ಸ್ಯಾಕ್ಸೊಫೋನು ಎದ್ದಿತು. ಈ ಸಲ ನಿಲ್ಲಲಿಲ್ಲ. ಡ್ರಮ್ಮಿನವನು ಹಿಂದಿನಿಂದ ಮೆಲ್ಲಗೆ ಸೇರಿಕೊಂಡ.

ಯತಿನ್ ಬಗ್ಗಿಕೊಂಡು ಬಂದು, "ಆಂಟಿ, ಪ್ಲೀಸ್, ಬಾಹರ್" ಎಂದ. ಪಾಪ, ಅವನ ತಪ್ಪಲ್ಲ. ಎದ್ದು ಹೋದೆ. ಒಮ್ಮೆ ಹಿಡಿತ ಸಿಕ್ಕಿದರೆ ಆಮೇಲೆ ಭೂಕಂಪವಾದರೂ ಇವರಿಗೆ ಗೊತ್ತಾಗುವುದಿಲ್ಲ. ಅದು ನನಗೆ ತಿಳಿದದ್ದೇ.

ಹೊರಗೆ ಚಪ್ಪಲಿಗಳ ನಡುವೆ, ಮುಚ್ಚಿದ ಬಾಗಿಲಿಗೆ ಕಿವಿ ಕೊಟ್ಟು ನಿಂತೆ. ಬಾಯಿ ಮುಚ್ಚಿಯೇ ನಿಂತೆ. ಮೇಲಿನ ಷಡ್ಜದಲ್ಲಿ ಇವರು ಅಷ್ಟು ಹೊತ್ತು ನಿಲ್ಲುತ್ತಾರೆಂದು ನನಗೆ ಗೊತ್ತಿರಲಿಲ್ಲ. ಇಂಥದ್ದನ್ನು ಇಷ್ಟು ವರ್ಷ ಸಾರು, ಸರ, ಸೊಸೆ ಎಂದು ಕಳೆದುಕೊಂಡೆನಲ್ಲ ಎಂದು ಅಳು ಬಂತು. ಒಳಗೆ ಚಪ್ಪಾಳೆ ಮುಗಿಯಲು ಬಹಳ ಹೊತ್ತಾಯಿತು.

ಇವರು ಹೊರಗೆ ಬಂದವರು ನನ್ನ ಮುಖ ನೋಡಲಿಲ್ಲ. ಮುಂದಿನ ತಿಂಗಳು ವಾಶಿಯಲ್ಲಿ ಇನ್ನೊಂದು ಕಾರ್ಯಕ್ರಮ, ಬರಬೇಕು ಎಂದು ಯತಿನ್ ಕೈ ಹಿಡಿದು ಕೇಳಿದ. ಆಮೇಲೆ ನನ್ನತ್ತ ನೋಡಿದ.

"ಅವಳು ಬರುದಿಲ್ಲ," ಎಂದರು ಇವರು.

ಟಿಟ್ವಾಳಾ ಲೋಕಲ್ ರೈಲಿಗೆ ಕಾಯುತ್ತ ಪ್ಲಾಟ್‌ಫಾರ್ಮಿನಲ್ಲಿ ನಿಂತಾಗ ಬಾಯಿ ಬಿಟ್ಟರು. "ಅಷ್ಟು ಜನ ಕೇಳಿದ್ರು, ವಿಮಲಾ. ಯಾರು ಯಾರೋ ಕೇಳಿದ್ರು. ನಿನಗೊಬ್ಬಳಿಗೆ ಆಗ್ಲಿಲ್ಲ." ಸ್ವರದಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನಾನೂ ನಾಲ್ಕು ಮಾತು ತಿರುಗಿಸಿ ಕೊಡುತ್ತಿದ್ದೆ.

ಹೇಳಿಬಿಡಬಹುದಿತ್ತು. ಹೇಳಿದರೆ ಆ ಚಪ್ಪಾಳೆಯಲ್ಲಿ ಅರ್ಧ ನನ್ನದಾಗುತ್ತಿತ್ತು. ಇವರಿಗೆ ಇಡಿಯಾಗಿ ಸಿಕ್ಕಿದ್ದು ಅದೊಂದೇ.

"ಬಾಯಿ ಚಟ," ಎಂದೆ. "ತಡೀಲಿಕ್ಕೆ ಆಗ್ಲಿಲ್ಲ."

ಇವರು ತಲೆಯಾಡಿಸಿ ವಾದ್ಯದ ಪೆಟ್ಟಿಗೆಯನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡರು. ವಾಶಿಯ ಹಾಲು ಇದಕ್ಕಿಂತಲೂ ಸಣ್ಣದಂತೆ, ಅಲ್ಲಿಯ ಜನವೂ ಉಸಿರೆತ್ತದೆ ಕೇಳುವವರಂತೆ. ಅಲ್ಲಿ ಮಾತಾಡುವವರು ಯಾರು ಎಂದು ನನಗೆ ಆಗಲೇ ಹೆದರಿಕೆ ಹಿಡಿದಿತ್ತು.