ನಿಮಿಷಕ್ಕೆ ಮುನ್ನೂರು ಏಟು

ಕಾಲಿಂದ ಬರ್ತಿದೆ ಇದು, ಕಿವಿಯಿಂದಲ್ಲ, ಚಪ್ಪಲಿ ದಾಟಿ ಮೊಣಕಾಲಿಗೆ, ಮೊಣಕಾಲಿಂದ ಸೊಂಟಕ್ಕೆ, ಉಳಿದಿರೋ ನಾಲ್ಕು ಹಲ್ಲೂ ಒಂದರ ಕೈ ಒಂದು ಹಿಡ್ಕೊಂಡು ಕುಣೀತಿವೆ, ಹೊರಗೆ ಮಟಮಟ ಮಧ್ಯಾಹ್ನ, ಒಳಗೆ ಈ ಗೋದಾಮಲ್ಲಿ ಕತ್ತಲು, ದೀಪ ಹತ್ತಿ ಆರಿ ಹತ್ತಿ ಆರಿ, ಹತ್ತಿದಾಗಲೆಲ್ಲ ಒಂದು ಲಕ್ಷ ಜನ — ಲಕ್ಷ ಎಲ್ಲಿಂದ ಬರ್ಬೇಕು, ಇನ್ನೂರಿರಬಹುದು, ನನ್ನ ಕಣ್ಣಿಗೆ ಲಕ್ಷವೇ — ಕರೀ ಬಟ್ಟೆ ಹಾಕ್ಕೊಂಡು ನೆಲ ತುಳೀತಿದ್ದಾರೆ, ಆ ನೆಲ ಇವರಿಗೇನೋ ಮಹಾ ದ್ರೋಹ ಮಾಡಿರೋ ಹಾಗೆ. ಬಾಗಿಲಲ್ಲಿ ಕಾವಲಿನವನು, ಬೀರುವಿನಷ್ಟು ಅಗಲ, ಅಜ್ಜಿ ದಾರಿ ತಪ್ಪಿ ಬಂದ್ರಾ, ಆಸ್ಪತ್ರೆ ಆ ಕಡೆ ಅಂದ, ತುಟಿ ಓದ್ಕೊಂಡೆ, ಆಸ್ಪತ್ರೆಗೆ ನಿನ್ನನ್ನ ಕಳಿಸ್ತೀನಿ ನೋಡು, ಒಳಗೆ ಬಾರಿಸ್ತಿರೋದು ನನ್ನ ಮಗಳು ಅಂದೆ, ತೆರೆದ ಬಾಯಿ ಮುಚ್ಚೋಕೆ ಅವನಿಗೆ ಅರ್ಧ ದಿನ ಬೇಕಾಯ್ತು, ಆಮೇಲೆ ಕಿವಿಗೆ ತುರುಕ್ಕೊಳ್ಳಿ ಅಂತ ಎರಡು ಸ್ಪಂಜಿನ ಚೂರು ಕೊಟ್ಟ, ಯಾತಕ್ಕಪ್ಪಾ, ನನ್ನ ಕಿವಿ ಗಿರಣಿಗೆ ಕೊಟ್ಟು ಬಂದು ಹದಿನೈದು ವರ್ಷ ಆಯ್ತು. ಪಕ್ಕದಲ್ಲಿ ಒಬ್ಬಳು, ಹಸಿರು ಕೂದಲು, ನನ್ನ ಕಡೆ ಬಗ್ಗಿ ಅರಚ್ತಾಳೆ, ಅರಚಬೇಡ ತಾಯಿ, ಬಾಯಿ ಆಡಿಸು ಸಾಕು — ಅಜ್ಜಿ, ಇದು ಹಾರ್ಡ್‌ಕೋರ್ ಟೆಕ್ನೋ, ಅದರಲ್ಲೂ ಎಲ್ಲಕ್ಕಿಂತ ಒರಟಿಂದು, ನಿಮಿಷಕ್ಕೆ ಮುನ್ನೂರು ಏಟು, ಇದರ ಮುಂದೆ ಬೇರೆಯವ್ರದ್ದೆಲ್ಲ ಜೋಗುಳ, ಭಯ ಆಗ್ತಿಲ್ವಾ — ಭಯ ಯಾಕೆ, ಮುನ್ನೂರಲ್ಲ, ಈಗ ಮುನ್ನೂರ ಹತ್ತಕ್ಕೆ ಹೋಯ್ತು, ಎಡಗಡೆ ಎಲ್ಲೋ ಒಂದು ಎಳೆ ಕಡೀತು, ಮಗಳಿಗೂ ಗೊತ್ತಾಯ್ತು, ಕೂಡಿಸಿದ್ಲು, ಭೇಷ್, ಸಿಟ್ಟಿನ ಸಂಗೀತ ಅಂತಾರಂತೆ ಇದನ್ನ, ಸಿಟ್ಟು ಎಲ್ಲಿದೆ, ಇದು ಬೆಳಗಿನ ಪಾಳಿ.

ಹತ್ತು ಸಾವಿರ ಮಗ್ಗ ನಮ್ಮ ಗಿರಣೀಲಿ, ಸರಿ ಬಿಡು, ಇನ್ನೂರ ನಲವತ್ತು, ಒಂದೊಂದರ ಲಾಳಿಯೂ ಆ ಕಡೆಯಿಂದ ಈ ಕಡೆಗೆ ಹಾರಿ ಹಾರಿ ಹೊಡ್ಕೊಳ್ಳೋದು, ಆ ಸದ್ದಲ್ಲಿ ಸಿಡಿಲು ಒಳಗೆ ಬಂದು ಕೆಮ್ಮಿದ್ರೂ ಯಾರೂ ತಿರುಗಿ ನೋಡ್ತಿರ್ಲಿಲ್ಲ, ಅದಕ್ಕೇ ನಾವೆಲ್ಲ ತುಟೀಲಿ ಮಾತಾಡ್ತಿದ್ದದ್ದು, ದನಿ ಇಲ್ಲ, ಬರೀ ಬಾಯಿ, ಒಂದೊಂದು ಅಕ್ಷರನೂ ಬಾಗಿಲಷ್ಟು ತೆರೆದು, ಹನ್ನೆರಡು ಮಗ್ಗದಾಚೆ ನಿಂತವಳ ಹತ್ರ ಅವಳ ಅತ್ತೆ ಪುರಾಣ ಪೂರ್ತಿ ಕೇಳಬಹುದಿತ್ತು, ಮೇಸ್ತ್ರಿಗೆ ಮಾತ್ರ ಓದೋಕೆ ಬರ್ತಿರ್ಲಿಲ್ಲ, ಬಂತು ನೋಡೇ ಕಾಲಿರೋ ಹಂಡೆ ಅಂತ ಅವನ ಮುಖ ನೋಡ್ಕೊಂಡೇ ಅನ್ನೋದು, ಅವನು ಗಂಭೀರವಾಗಿ ತಲೆ ಆಡಿಸೋನು. ಇವರು, ನಮ್ಮ ಯಜಮಾನ್ರು, ಅಲ್ಲಿ ಮಗ್ಗ ರಿಪೇರಿ ಮಾಡೋ ಫಿಟ್ಟರ್ರು, ಮೂಗಿನ ತುದಿ ತನಕ ಎಣ್ಣೆ, ಒಂದು ದಿನ ಹತ್ತು ಮಗ್ಗದಾಚೆಯಿಂದ ತುಟೀಲೇ ಕೇಳಿದ್ರು, ನನ್ನ ಮದುವೆ ಆಗ್ತೀಯಾ, ಮೊದಲು ಮುಖ ತೊಳ್ಕೊಂಡು ಬನ್ನಿ ಅಂದೆ, ಇಬ್ಬರ ಮಧ್ಯದ ಗುಟ್ಟು ಅಂದ್ಕೊಂಡಿದ್ರು ಪಾಪ, ಓದೋಕೆ ಬರೋ ಇನ್ನೂರು ಹೆಂಗಸರೂ ಸಾಲಾಗಿ ನಿಂತು ಆಗ್ತಾಳೆ ಆಗ್ತಾಳೆ ಅಂತ ಬಾಯಿ ಆಡಿಸಿಬಿಟ್ರು. ಗಿರಣಿ ಮುಚ್ಚಿದ ಮೇಲೂ ಮನೇಲಿ ಹಾಗೇ, ಅಡುಗೆಮನೆ ಬಾಗಿಲಲ್ಲಿ ನಾನು, ಕಿಟಕಿ ಹತ್ರ ಅವರು, ಸೊಲ್ಲಿಲ್ಲದ ಜಗಳ, ಪಕ್ಕದ ಮನೆಯವ್ರು ಎಷ್ಟು ಅನ್ಯೋನ್ಯ ನೋಡಿ ಅನ್ನೋರು. ಈಗ ಎಲ್ಲರೂ ನನ್ನ ಕಿವಿ ಹತ್ರ ಬಂದು ಕೂಗ್ತಾರೆ, ನನ್ನ ಬಾಯಿ ನೋಡೋರು ಯಾರೂ ಇಲ್ಲ, ಬೆಳಗ್ಗೆ ಎದ್ದು ಹಾಲು ಒಡೆದಿದೆ ಅಂತ ಕಿಟಕಿ ಕಡೆ ತುಟಿ ಆಡಿಸ್ತೀನಿ, ಅಲ್ಲಿ ಕುರ್ಚಿ ಇದೆ, ಕುರ್ಚಿಗೆ ಹಾಲು ಒಡೆದ್ರೇನು ಬಿಟ್ರೇನು.

ಮಗಳು ಗಿರಣಿಯ ಶಿಶುವಿಹಾರದಲ್ಲೇ ಬೆಳೆದವಳು, ಗೋಡೆಯಾಚೆ ಮಗ್ಗ, ಸದ್ದು ನಿಂತ್ರೆ ನಿದ್ದೆಯಿಂದ ಎದ್ದು ಅಳೋಳು, ಮಾತಿಗಿಂತ ಮೊದಲೇ ತುಟಿ ಕಲಿತ್ಲು, ದೊಡ್ಡವಳಾಗಿ ಮೈತುಂಬ ಗುಂಡಿ ಇರೋ ಒಂದು ಪೆಟ್ಟಿಗೆ ತಂದ್ಲು, ಹಗಲೆಲ್ಲ ಅದನ್ನ ಒತ್ತೋದು ತಿರುಗಿಸೋದು, ನನಗೇನೂ ಕೇಳಿಸ್ತಿರ್ಲಿಲ್ಲ, ಆದ್ರೆ ಕಟ್ಟಡದವ್ರೆಲ್ಲ ಬಾಗಿಲಿಗೆ ಬಂದು ಬಯ್ದದ್ದು ಓದೋಕೆ ಬರ್ತಿತ್ತಲ್ಲ, ಆರನೇ ಸಲ ಬಂದಾಗ ಪೆಟ್ಟಿಗೆ ತಗೊಂಡು ಹೋಗಿ ಬಕೆಟ್ ನೀರಲ್ಲಿ ಮುಳುಗಿಸಿಟ್ಟೆ, ಬಟ್ಟೆ ನೆನೆಸಿಡೋ ಹಾಗೆ. ಇವರು ಎರಡು ದಿನ ಕೂತು ಒಂದೊಂದು ತಿರುಪು ಬಿಚ್ಚಿ ಬಿಸಿಲಿಗೆ ಹರವಿದ್ರು, ಏಳಲಿಲ್ಲ ಅದು. ನಿನ್ನ ಬಾಯಿ ಇನ್ಮೇಲೆ ಓದಲ್ಲ ಅಂದ್ಲು, ಹೋದ್ಲು, ಬೇರೆ ಊರು, ಐದು ವರ್ಷ. ಭಾನುವಾರ ಬಂದ್ರೆ ಇವರು ಫೋನನ್ನ ಸಕ್ಕರೆ ಡಬ್ಬಿಗೆ ಒರಗಿಸಿ ಅವಳ ಮುಖ ನೋಡ್ಕೊಂಡು ತುಟೀಲಿ ಮಾತಾಡೋರು, ನಾನು ಬೆನ್ನು ತಿರುಗಿಸಿ ಕೂರೋಳು, ಬೀರುವಿನ ಗಾಜಿನಲ್ಲಿ ಇಬ್ಬರನ್ನೂ ಕದ್ದು ಓದೋಳು, ಅಮ್ಮ ಹೇಗಿದ್ದಾಳೆ ಅಂತ ಒಂದ್ಸಲನಾದ್ರೂ ಕೇಳ್ತಾಳಾ ಅಂತ, ಕೇಳ್ತಿದ್ಲು, ಪ್ರತಿ ವಾರ ಕೇಳ್ತಿದ್ಲು, ಆದ್ರೂ ನಾನು ತಿರುಗ್ಲಿಲ್ಲ, ನನ್ನ ಕುತ್ತಿಗೆ ಕಬ್ಬಿಣದ್ದು. ನಾಲ್ಕು ತಿಂಗಳ ಹಿಂದೆ ಮಂಗಳವಾರ, ಗಡ್ಡ ಹೆರೆದ್ಕೊಳ್ತಾ, ಅರ್ಧ ಕೆನ್ನೆ ನೊರೆ, ಹಾಗೇ ಕುರ್ಚೀಲಿ ಕೂತ್ರು, ಕೂತೇ ಹೋದ್ರು. ಭಾನುವಾರ ಫೋನು ಮೇಜಿನ ಮೇಲೆ ನಡುಗ್ತು, ಅವಳ ಮುಖ, ಎತ್ತಲಿಲ್ಲ, ಎತ್ತಿದ್ರೆ ಹೇಳ್ಬೇಕಲ್ಲ, ಮುಂದಿನ ಭಾನುವಾರ ಮತ್ತೆ, ಆರು ಭಾನುವಾರ ನಡುಗಿ ಸುಮ್ಮನಾಯ್ತು, ಅಪ್ಪನೂ ಅಮ್ಮನ ಕಡೆ ಸೇರಿಬಿಟ್ರು ಅಂದ್ಕೊಂಡಿರ್ತಾಳೆ, ಅಂದ್ಕೊಳ್ಳಲಿ ಅಂತ ಬಿಟ್ಟೆ ನಾನು, ಪಾಪಿ, ಅವಳಿಗೆ ತಿಳಿಯದೆ ಇರೋ ತನಕ ಅವಳೊಬ್ಬಳ ಪಾಲಿಗಾದ್ರೂ ಇವರು ಎಲ್ಲೋ ಮುನಿಸ್ಕೊಂಡು ಕೂತಿದ್ದಾರೆ, ಗಡ್ಡ ಹೆರೆದ್ಕೊಳ್ತಾ ಇದ್ದಾರೆ, ಇದ್ದಾರೆ. ಮೊನ್ನೆ ಕೆಳಗಿನ ಮನೆ ಟೈಲರಮ್ಮ ಕೈ ಹಿಡಿದು ಎಳ್ಕೊಂಡು ಹೋಗಿ ತೋರಿಸಿದ್ಲು, ಗೋಡೆ ತುಂಬ ಪೋಸ್ಟರು, ಎಲ್ಲಾದ್ರಲ್ಲೂ ನಿಮ್ಮ ಮಗಳೇ, ಈ ಊರಿಗೇ ಬರ್ತಾಳಂತೆ, ಇನ್ನು ಬಚ್ಚಿಟ್ಕೊಳ್ಳೋಕೆ ನನಗೆ ಯಾವ ಮೂಲೆ ಉಳೀತು.

ವೇದಿಕೆ ಮೇಲಿಂದ ಮಗಳು ನೋಡಿದ್ಲು. ದೀಪ ಹತ್ತಿದಾಗ ನೋಡಿದ್ಲು, ಆರಿತು, ಹತ್ತಿತು, ಇನ್ನೂ ನನ್ನನ್ನೇ ನೋಡ್ತಿದ್ದಾಳೆ, ಕೈ ಗುಂಡಿಗಳ ಮೇಲೆ ಓಡ್ತಾನೇ ಇದೆ, ಇಷ್ಟು ಜನರ ತಲೆ ಮೇಲಿಂದ ತುಟಿ — ನೀನ್ಯಾಕೆ ಬಂದೆ — ನಮ್ಮನೆ ಗೋಡೆ ನಡುಗ್ತಿತ್ತು, ಬಯ್ದು ಹೋಗೋಣ ಅಂತ ಬಂದೆ ಅಂದೆ, ತುಟಿಯ ಒಂದು ತುದಿ ಮೇಲಕ್ಕೆ ಹೋಯ್ತು ಅವಳದ್ದು, ಒಣಗಿ ಕಡ್ಡಿ ಆಗಿದ್ದೀಯ ಅಂದ್ಲು, ನೀನು ಊದಿ ತಲೆದಿಂಬು ಆಗಿದ್ದೀಯ ಅಂದೆ, ಓದಿದ್ಲು, ನನ್ನ ಬಾಯಿ ಓದಿದ್ಲು, ನಾಲ್ಕು ತಿಂಗಳಾದ ಮೇಲೆ ಒಬ್ಬರು ನನ್ನ ಬಾಯಿ ಓದಿದ್ರು, ಇಲ್ಲಿಗೇ ನಿಲ್ಲಬಾರದಾ, ಹೀಗೇ ಕಡ್ಡಿ, ದಿಂಬು, ಕಡ್ಡಿ, ದಿಂಬು ಅಂತ ಸಂಜೆ ತನಕ. ಅವಳ ಕಣ್ಣು ನನ್ನ ಹೆಗಲ ಪಕ್ಕಕ್ಕೆ ಹೋಯ್ತು, ಇವರು ನಿಲ್ತಿದ್ದ ಕಡೆಗೆ, ಹಿಂದಕ್ಕೆ, ಬಾಗಿಲಿಗೆ, ಮತ್ತೆ ಹೆಗಲ ಪಕ್ಕಕ್ಕೆ. ಅಪ್ಪ ಎಲ್ಲಿ, ಇನ್ನೂ ಕೋಪನಾ ಅವರಿಗೆ, ಫೋನೇ ಎತ್ತಲ್ಲ. ನನ್ನ ಬಾಯಿ ತೆರೀತು, ದೊಡ್ಡ ಬಾಯಿ, ಮೇಸ್ತ್ರಿಯನ್ನೇ ಹಂಡೆ ಅಂದ ಬಾಯಿ, ತೆರೆದೇ ಇದೆ, ಗಿರಣೀಲಿ ಎಲ್ಲಾನೂ ತುಟೀಲಿ ಹೇಳ್ತಿದ್ವಿ, ಸಾವು ಒಂದನ್ನ ಬಿಟ್ಟು, ದೂರದಿಂದ ಹೇಳಿದ್ರೆ ಯಾರಿಗೆ ಹೇಳ್ಬೇಕೋ ಅವಳಿಗಿಂತ ಮೊದಲು ಇನ್ನೂರು ಜನ ಓದಿಬಿಡ್ತಾರಲ್ಲ, ಅದಕ್ಕೆ ಯಾರದಾದ್ರೂ ಮನೆ ಸಾವಿನ ಸುದ್ದಿ ಆಫೀಸಿಗೆ ಬಂದ್ರೆ ಫಿಟ್ಟರನ್ನ ಕಳಿಸೋರು, ಇವರು ಯಾರ ಮುಖನೂ ನೋಡದೆ ಸಾಲಿನ ಮಧ್ಯೆ ನಡ್ಕೊಂಡು ಬರೋರು, ನಾವೆಲ್ಲ ಒಳಗೊಳಗೇ ಬೇಡ್ಕೊಳ್ಳೋದು, ನನ್ನ ಹತ್ರ ನಿಲ್ಲದಿರಲಿ, ನನ್ನ ಹತ್ರ ನಿಲ್ಲದಿರಲಿ, ಯಾರದೋ ಮಗ್ಗದ ಮುಂದೆ ನಿಂತು ಬೆರಳು ಬಿಡಿಸಿ ಅಂಗೈ ಅದರ ಮೇಲೆ ಇಡೋರು, ಅಷ್ಟೇ, ಆ ಒಂದು ಮಗ್ಗ ನಿಲ್ಲೋದು, ನಮ್ಮಮ್ಮ ಹೋದ ದಿನ ನನ್ನ ಮಗ್ಗದ ಮೇಲೂ ಅದೇ ಎಣ್ಣೆ ಕೈ, ಆಗ ಮಗಳು ಐದು ವರ್ಷದವಳು, ನನ್ನ ಸೀರೆ ಹಿಡ್ಕೊಂಡು ನಿಂತು ನೋಡಿದ್ಲು. ಪಕ್ಕದಲ್ಲಿ ವೇದಿಕೆಗೆ ಹತ್ತೋ ಮೆಟ್ಟಿಲು, ನಾಲ್ಕೇ, ನನಗೆ ನಾನೂರು, ಹಸಿರು ಕೂದಲಿನವಳು ಮೊಣಕೈಗೆ ಆಸರೆ ಕೊಡ್ತಾಳೆ, ಮೇಲೆ ಬಂದೆ, ನನ್ನ ಕೈ ಮುಂದೆ ಬಂದದ್ದು ನೋಡಿ ಮಗಳು ಈ ಹೊಸ ಪೆಟ್ಟಿಗೆಯನ್ನ ತನ್ನ ಎದೆ ಕಡೆ ಎಳ್ಕೊಂಡ್ಲು, ಎಳ್ಕೊಳ್ಳದೆ ಇನ್ನೇನು, ಹೆದರಬೇಡ, ನಾನು ಯಾವ ಗುಂಡಿನೂ ಒತ್ತಲ್ಲ, ಒತ್ತೋಕೆ ಬರೋದೂ ಇಲ್ಲ, ಬರೀ ಇಡ್ತೀನಿ, ಬೆರಳು ಬಿಡಿಸಿ, ಹೀಗೆ, ಅವರು ಇಡ್ತಿದ್ರಲ್ಲ ಹಾಗೆ. ಅವಳು ಎಳೆಯೋದು ಬಿಟ್ಲು. ನನ್ನ ಬಾಯಿ ನೋಡ್ತಿಲ್ಲ ಈಗ, ಕೈ ನೋಡ್ತಿದ್ದಾಳೆ, ದೀಪ ಆರಿತು, ಕೈ, ಹತ್ತಿತು, ಕೈ, ಇನ್ನೂ ನೋಡ್ತಿದ್ದಾಳೆ, ಪೆಟ್ಟಿಗೆ ಮೇಲೆ ಕೈ, ಮಗ್ಗದ ಮೇಲೆ ಕೈ, ಆರಿತು, ಕೈ,