ಏಳು ಕ್ಯಾಲೆಂಡರಿನ ಬಂಗಲೆ

ಒಂದು ಮನೆಯ ಗೋಡೆಗೆ ಎಷ್ಟು ಕ್ಯಾಲೆಂಡರು ಇರಬೇಕು ಎಂಬುದು ರಾಜ್ಯಗಳ ಅಳಿವು-ಉಳಿವಿಗೆ ಸಮನಾದ ಪ್ರಶ್ನೆ. ಒಂದಿದ್ದರೆ ದಿನ ನೋಡಲು. ಎರಡಿದ್ದರೆ ಅಂಗಡಿಯವರು ಕೊಟ್ಟಿರಬೇಕು. ನೇಸರಗಿಯ ಹೊರಗಿನ ಓವರಸಿಯರರೊಬ್ಬರ ಹಳೆಯ ಬಂಗಲೆಯಲ್ಲಿ ಏಳಿದ್ದವು. ಅವುಗಳಲ್ಲಿ ಐದು ಹೋದ ವರ್ಷಗಳವು. ಮನೆ ನೋಡಲು ಹೋದ ಖಾಸಿಮಸಾಬ ಅವನ್ನು ಎಣಿಸಿದ. ಯಾಕೆಂದು ಕೇಳಲಿಲ್ಲ.

ಖಾಸಿಮಸಾಬ ಸ್ವಂತ ಟೆಂಪೊ ಓಡಿಸುವವನು. ಹೆಂಡತಿ ಹುಸೇನಮಾ ನಾಲ್ಕು ಆಡು ಸಾಕಿದ್ದಳು. ಬಾಡಿಗೆ ಮನೆಯ ಮಾಲಕ ‘ಒಂದೋ ಆಡು ಇರಬೇಕು, ಇಲ್ಲಾ ನೀವು’ ಎಂದಿದ್ದ. ಅಂಥ ಹೊತ್ತಿನಲ್ಲಿ ಈ ಬಂಗಲೆ ಮಾರಾಟಕ್ಕೆ ಬಂತು. ಸಣ್ಣ ಮನೆ, ಸುತ್ತ ಹದಿನಾಲ್ಕು ಗುಂಟೆ ಜಾಗ. ಟೆಂಪೊ ಮಾರಿದರೆ ಕೈಗೆಟಕುವ ಬೆಲೆ.

ಖಾಸಿಮಸಾಬ ಜಾಣ. ಸೋರುತ್ತದೆಯೋ ನೋಡಬೇಕೆಂದೇ ಶ್ರಾವಣದ ಜಡಿಮಳೆಯಲ್ಲಿ ಹೋಗಿದ್ದ. ಒಂದು ಹನಿಯೂ ಸೋರಲಿಲ್ಲ. ಓವರಸಿಯರರ ಮಗ ಅಂದಾನೆಪ್ಪ ಚಹಾ ಕೊಟ್ಟು, ಹಿತ್ತಲ ಬಾಗಿಲಲ್ಲಿ ನಿಂತು, ಹಳ್ಳದ ಕಡೆಗೆ ಕೈ ಚಾಚಿ, ಅಲ್ಲೀತನಕ ನಮ್ಮದೇ ಎಂದ. ಕೈ ಬಹಳ ಉದ್ದವಿತ್ತು.

ಹುಸೇನಮಾಳ ಮಹಿಳಾ ಸಂಘದ ಗೆಳತಿ ಯಲ್ಲವ್ವ ಮೂವತ್ತು ವರ್ಷ ಗೌಂಡಿಗಳ ಕೈಕೆಳಗೆ ಗಾರೆ ಹೊತ್ತವಳು. ಏಳು ಕ್ಯಾಲೆಂಡರಿನ ಸುದ್ದಿ ಕೇಳಿ ಒಂದೇ ಪ್ರಶ್ನೆ ಕೇಳಿದಳು.

“ಕ್ಯಾಲೆಂಡರ್ ಎತ್ತಿ ಹಿಂದ ನೋಡಿದ್ರಿಲ್ಲೋ, ಅಣ್ಣಾರ?”

“ಚಹಾ ಕುಡದ ಮನ್ಯಾಗ ಗ್ವಾಡಿ ತಡವೂದು ಚಲೋ ಕಾಣತೈತೇನಬೇ?”

“ಎಮ್ಮಿ ತಗೊಳ್ಳಾಗ ಬಾಯಿ ಬಿಡಿಸಿ ಹಲ್ಲು ನೋಡತೀರಿ. ಎಮ್ಮಿಗೇನು ಮರ್ಯಾದಿ ಇಲ್ಲೇನು?”

ಅಲ್ಲಿಯ ಎರೆ ನೆಲ ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಕುಗ್ಗುತ್ತದೆ ಎಂದು ಅವಳು ತಿಳಿಸಿ ಹೇಳಿದಳು. ಶ್ರಾವಣದಲ್ಲಿ ಮುಚ್ಚಿಕೊಂಡ ಬಿರುಕು ಬೇಸಿಗೆಯಲ್ಲಿ ಬಾಯಿ ಬಿಡುತ್ತದೆ. ಅದಕ್ಕೇ ಮನೆಯನ್ನು ಮಳೆಯಲ್ಲೊಮ್ಮೆ, ಬಿಸಿಲಲ್ಲೊಮ್ಮೆ ನೋಡಬೇಕು. ತಿಳಿದ ಗೌಂಡಿಯನ್ನು ಕರೆದೊಯ್ಯಬೇಕು. ಸರಕಾರಿ ದಾಖಲೆಯ ಉತಾರ ತೆಗೆಸಿ, ಮೋಜಣಿದಾರನಿಂದ ಜಾಗ ಅಳೆಸಬೇಕು.

“ಬ್ಯಾಸಗಿ ತನಕ ಕುಂತ್ರ ಮತ್ತೊಬ್ಬರು ಒಯ್ತಾರ,” ಎಂದ ಖಾಸಿಮಸಾಬ. ಗಾರೆ ಹೊತ್ತವರೆಲ್ಲ ಇಂಜಿನಿಯರಾದರೆ ಇಂಜಿನಿಯರು ಏನು ಹೊರಬೇಕು ಎಂದೂ ನಕ್ಕ. ಯಾವ ಗಿಡಕ್ಕೆ ಯಾವ ಆಡು ಕಟ್ಟಬೇಕೆಂದು ಹುಸೇನಮಾ ಆಗಲೇ ಗೊತ್ತು ಮಾಡಿದ್ದಳು.

ದಸರೆಗೆ ಟೆಂಪೊ ಮಾರಿ ಬಂಗಲೆ ಖರೇದಿ ಮಾಡಿದರು. ಅಂದಾನೆಪ್ಪ ತನ್ನ ಸಾಮಾನೆಲ್ಲ ಒಯ್ದ, ಕ್ಯಾಲೆಂಡರು ಮಾತ್ರ ಬಿಟ್ಟುಹೋದ.

ಶಿವರಾತ್ರಿ ಕಳೆದ ಮೇಲೆ ಮೊದಲನೆಯ ಕ್ಯಾಲೆಂಡರು ಬಿತ್ತು. ಗಾಳಿ ಎಂದ ಖಾಸಿಮಸಾಬ. ಎರಡನೆಯದು ಮೊಳೆ, ಗೋಡೆಯ ಗಿಲಾವಿನ ಸಮೇತ ಬಿತ್ತು. ಯುಗಾದಿಯ ಹೊತ್ತಿಗೆ ಐದು ಬಿದ್ದಿದ್ದವು, ಬಾಗಿಲುಗಳು ಚೌಕಟ್ಟಿಗೆ ಕೂಡುತ್ತಿರಲಿಲ್ಲ, ಮಲಗುವ ಕೋಣೆಯ ಬಿರುಕಿನಲ್ಲಿ ಅವನ ಅಂಗೈ ಹೋಗುತ್ತಿತ್ತು.

ಅದೇ ತಿಂಗಳು ಪಕ್ಕದ ಹೊಲದ ಹನುಮಪ್ಪ ಮೋಜಣಿ ಮಾಡಿಸಿದ. ಗಡಿಕಲ್ಲು ಇವರ ಹಿತ್ತಲ ಬಾಗಿಲಿನಿಂದ ಹತ್ತು ಹೆಜ್ಜೆಗೇ ನಿಂತಿತು. ಅದರಾಚೆ ಸರಕಾರದ ಹಳ್ಳದ ಜಾಗ. ಓದದೆ ಸಹಿ ಹಾಕಿದ ಖರೇದಿ ಪತ್ರದಲ್ಲೂ ಇದ್ದದ್ದು ಐದೇ ಗುಂಟೆ. ಉಳಿದ ಒಂಬತ್ತು ಕೈಯಲ್ಲಿ ತೋರಿಸಿದ್ದು. ನಾಲ್ಕು ಆಡುಗಳೂ ಸರಕಾರದ ಕಡೆಗೇ ನಿಂತು ಮೇಯುತ್ತಿದ್ದವು.

ಯಲ್ಲವ್ವ ಬಂದಳು. ಬಿರುಕು ಇನ್ನೂ ಬೆಳೆಯುತ್ತಿದೆಯೋ ತಿಳಿಯಲೆಂದು ಅದಕ್ಕೆ ಅಡ್ಡವಾಗಿ ಬೆರಳುದ್ದ ಸುಣ್ಣದ ಗಾರೆ ಮೆತ್ತಿ, ತಾರೀಖು ಬರೆಸಿ ಹೋದಳು. ಹನ್ನೆರಡು ದಿನಕ್ಕೆ ಅದು ನಡುವೆ ಸೀಳಿತು.

“ಬುನಾದಿನ ಸರದೈತಿ, ಅಣ್ಣಾರ. ಮ್ಯಾಲ ಏನು ಬಳದ್ರೂ ನಿಲ್ಲಂಗಿಲ್ಲ.”

“ಅವತ್ತು ನೀ ಜಗಳಾ ಮಾಡಿ ತಡೀಬೇಕಿತ್ತಬೇ.”

“ಮಾಡಿದ್ರ ಕೇಳತಿದ್ರೇನು?”

ಅವನು ಗೋಡೆ ನೋಡಿದ. “ಇಲ್ಲ,” ಎಂದ.

“ನಾನೂ ಕೇಳತಿದ್ದಿಲ್ಲ,” ಎಂದಳು ಹುಸೇನಮಾ.

ಓದುವ ಅಕ್ಕಂದಿರೇ, ಅಣ್ಣಂದಿರೇ, ಹಳೆಯ ಮನೆ ಕೊಳ್ಳುವಾಗ ಚಹಾ ಕೊಟ್ಟರೆ ಕುಡಿಯಿರಿ. ಕುಡಿದ ಮೇಲೆ ಕಪ್ಪು ಕೆಳಗಿಟ್ಟು ಕ್ಯಾಲೆಂಡರು ಎತ್ತಿ ನೋಡಿರಿ, ಬಾಗಿಲು ಹಾಕಿ ನೋಡಿರಿ. ಜಾಗ ದೊಡ್ಡದೆಂದರೆ ಉತಾರ ಕೇಳಿರಿ, ಗಡಿಕಲ್ಲಿನ ತನಕ ನಡೆದು ಬನ್ನಿರಿ. ಒಂದು ಬೇಸಿಗೆ ಕಾಯಿರಿ. ಅಷ್ಟರಲ್ಲಿ ಮತ್ತೊಬ್ಬರು ಒಯ್ದರೆ, ಒಯ್ಯಲಿ.

ಮಾರಾಟಕ್ಕಿಟ್ಟ ಬಂಗಲೆಯನ್ನು ಕೇಳಲು ಈವರೆಗೆ ಯಾರೂ ಬಂದಿಲ್ಲ. ಆಡುಗಳನ್ನು ಮಾರಿದ್ದಾಯಿತು. ಖಾಸಿಮಸಾಬ ಈಗ ಮಂದಿಯ ಗಾಡಿ ಓಡಿಸುತ್ತಾನೆ.